ಮುಟ್ಟುವ ಮುಂಚಿನ 20 ಸೆಕೆಂಡು

ಬೆಂಗಳೂರಿನ ಬಹುತೇಕ ಆಸ್ಪತ್ರೆಗಳಲ್ಲಿ ವಾಷ್‌ಬೇಸಿನ್ ಮೇಲೆ ಕೈ ತೊಳೆಯುವ ಕ್ರಮದ ಪೋಸ್ಟರ್ ಇದ್ದೇ ಇರುತ್ತದೆ: ಅಂಗೈಗೆ ಅಂಗೈ, ಕೈಯ ಹಿಂಭಾಗ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು. ಕೋವಿಡ್ ಕಾಲದಲ್ಲಿ ಶಾಲೆ ಮಕ್ಕಳೂ ಇದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕೈ ಹೇಗೆ ಉಜ್ಜಬೇಕು ಎಂದು ಕೇಳಿದರೆ ಆಸ್ಪತ್ರೆ ಸಿಬ್ಬಂದಿಯಲ್ಲಿ ಹೆಚ್ಚಿನವರು ಸರಿಯಾಗಿಯೇ ತೋರಿಸುತ್ತಾರೆ. ಹಾಗಿದ್ದೂ ಮೂರನೇ ಬೆಡ್ಡಿನ ರೋಗಿಯ ಕಫದಲ್ಲಿದ್ದ ಬ್ಯಾಕ್ಟೀರಿಯಾ ವಾರ ಕಳೆಯುವುದರೊಳಗೆ ನಾಲ್ಕನೇ ಬೆಡ್ಡಿನ ರೋಗಿಯ ಮೂತ್ರದಲ್ಲಿ ಸಿಗುತ್ತದೆ. ಇಂಥ ಕಡೆ ಮೊದಲು ನೋಡಬೇಕಾದದ್ದು ಕೈಯನ್ನು ಹೇಗೆ ಉಜ್ಜಿದರು ಎಂಬುದನ್ನಲ್ಲ, ಯಾವಾಗ ಉಜ್ಜಿದರು ಎಂಬುದನ್ನು.

ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು ಎಲ್ಲರಿಗೂ ತಾನಾಗಿ ಬರುತ್ತದೆ. ರಕ್ತ, ಕಫ, ಮಲ ಸೋಕಿದರೆ ಯಾರೂ ನೆನಪಿಸಬೇಕಾಗಿಲ್ಲ. ಮನಸ್ಸೇ ನಲ್ಲಿಯ ಕಡೆ ಎಳೆಯುತ್ತದೆ. ಮುಟ್ಟುವುದಕ್ಕೆ ಮುಂಚೆ ತೊಳೆಯುವುದು ಹಾಗಲ್ಲ. ಕೈ ನೋಡಲು ಚೊಕ್ಕವಾಗಿಯೇ ಇರುತ್ತದೆ, ವಾಸನೆಯಿಲ್ಲ, ಅಂಟಿಲ್ಲ. ಆ ಕೈ ಈಗಷ್ಟೇ ಹಿಂದಿನ ಬೆಡ್ಡಿನ ಮಾನಿಟರ್ ಬಟನ್ ಒತ್ತಿ ಬಂದಿದೆ ಎನ್ನುವುದು ನೆನಪಿನಲ್ಲಿ ಉಳಿದಿರುವುದಿಲ್ಲ. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಎಣಿಕೆ ಮಾಡಿದಾಗ ಹೆಚ್ಚಾಗಿ ಕಾಣುವುದು ಇದೇ: 'ನಂತರ'ದ ಅಂಕ ಹೆಚ್ಚು, 'ಮುಂಚೆ'ಯ ಅಂಕ ಕಡಿಮೆ. ನಂತರ ತೊಳೆದರೆ ಮುಖ್ಯವಾಗಿ ಸಿಬ್ಬಂದಿಗೆ ರಕ್ಷಣೆ, ಮುಂಚೆ ತೊಳೆದರೆ ಎದುರಿಗೆ ಮಲಗಿರುವ ರೋಗಿಗೆ ರಕ್ಷಣೆ. ಆ ರೋಗಿಯ ಮೈಯಲ್ಲಿ ರಕ್ತನಾಳಕ್ಕೆ ಹಾಕಿದ ಕ್ಯಾನುಲಾ, ಮೂತ್ರದ ನಳಿಕೆ (ಕ್ಯಾಥೆಟರ್), ಹೊಲಿಗೆ, ಹೀಗೆ ಒಳಗೆ ಹೋಗಲು ಒಂದಲ್ಲ ಒಂದು ದಾರಿ ತೆರೆದೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಐದು ಸಂದರ್ಭಗಳನ್ನು ಹೇಳಿದೆ. ರೋಗಿಯನ್ನು ಮುಟ್ಟುವ ಮುಂಚೆ. ಸೋಂಕುರಹಿತವಾಗಿ ಮಾಡಬೇಕಾದ ಕೆಲಸಕ್ಕೆ ಮುಂಚೆ. ರಕ್ತ, ಮೂತ್ರ ಮೊದಲಾದ ದ್ರವ ತಗಲಿರಬಹುದಾದ ಕೆಲಸದ ನಂತರ. ರೋಗಿಯನ್ನು ಮುಟ್ಟಿದ ನಂತರ. ರೋಗಿಯ ಸುತ್ತಲಿನ ವಸ್ತು ಮುಟ್ಟಿದ ನಂತರ. ತರಬೇತಿಯಲ್ಲಿ ಈ ಪಟ್ಟಿಯನ್ನು ಒಪ್ಪಿಸಿಬಿಡುವುದು ಸುಲಭ. ವಾರ್ಡಿನಲ್ಲಿ ಇವು ಹೀಗೆ ಸಾಲಾಗಿ ಬರುವುದಿಲ್ಲ, ಒಂದರೊಳಗೊಂದು ಸೇರಿಕೊಂಡು ಬರುತ್ತವೆ. ಒಂದು ಸಾಮಾನ್ಯ ಕೆಲಸವನ್ನೇ ಬಿಡಿಸಿ ನೋಡೋಣ.

ಸಂಜೆ 6 ಗಂಟೆಯ ಆಂಟಿಬಯಾಟಿಕ್. ಸಿಸ್ಟರ್ ನರ್ಸಿಂಗ್ ಸ್ಟೇಷನ್‌ನಲ್ಲಿ ಕೈ ಉಜ್ಜಿಕೊಂಡು ವಯಲ್‌ನಿಂದ ಔಷಧ ತೆಗೆದು ಟ್ರೇಯಲ್ಲಿ ಇಡುತ್ತಾರೆ. ಟ್ರಾಲಿ ತಳ್ಳಿಕೊಂಡು ಬೆಡ್ ಹತ್ತಿರ ಬಂದು ಕರ್ಟನ್ ಸರಿಸುತ್ತಾರೆ, ಮಂಚದ ಅಡ್ಡಪಟ್ಟಿ ಇಳಿಸುತ್ತಾರೆ, ಹೆಸರು ಕೇಳಿ ಕೈಪಟ್ಟಿ ನೋಡುತ್ತಾರೆ, ಕ್ಯಾನುಲಾ ಇರುವ ಜಾಗ ಊದಿದೆಯೇ ಎಂದು ಒತ್ತಿ ನೋಡುತ್ತಾರೆ, ಡ್ರಿಪ್ಸ್ ನಿಲ್ಲಿಸುತ್ತಾರೆ. ಆಮೇಲೆ ಅದೇ ಬೆರಳುಗಳಿಂದ ಕ್ಯಾನುಲಾದಲ್ಲಿ ಔಷಧ ಹಾಕುವ ಬಾಯಿಯಾದ ಪೋರ್ಟ್‌ನ ಮುಚ್ಚಳ ತೆಗೆದು ಸಿರಿಂಜ್ ಕೂರಿಸುತ್ತಾರೆ. ಸ್ಟೇಷನ್‌ನಲ್ಲಿ ಉಜ್ಜಿಕೊಂಡ ಕೈ ಇಷ್ಟು ಹೊತ್ತಿಗೆ ಟ್ರಾಲಿಯ ಹಿಡಿ, ಕರ್ಟನ್, ಅಡ್ಡಪಟ್ಟಿ, ರೋಗಿಯ ಚರ್ಮ, ಡ್ರಿಪ್ಸ್ ಟ್ಯೂಬ್ ಎಲ್ಲವನ್ನೂ ಮುಟ್ಟಿ ಆಗಿದೆ. ರಕ್ತನಾಳಕ್ಕೆ ನೇರ ಹೋಗುವ ದಾರಿಯನ್ನು ತೆರೆಯುವುದು ಈ ಕೈ.

ಇಲ್ಲಿ ಕೈ ಉಜ್ಜಬೇಕಾದ ಜಾಗ ಎರಡು. ಕರ್ಟನ್ ಸರಿಸಿದ ಮೇಲೆ, ರೋಗಿಯ ಕೈ ಹಿಡಿಯುವ ಮುಂಚೆ ಒಂದು ಸಲ. ಎಲ್ಲ ನೋಡಿ ಮುಗಿಸಿ, ಪೋರ್ಟ್ ಮುಟ್ಟುವ ಮುಂಚೆ ಇನ್ನೊಂದು ಸಲ. ಈ ಎರಡನೆಯದೇ ಹೆಚ್ಚಾಗಿ ತಪ್ಪಿಹೋಗುವುದು, ಏಕೆಂದರೆ 'ಬಂದಾಗಲೇ ಹಾಕಿಕೊಂಡೆನಲ್ಲ' ಎಂಬ ಸಮಾಧಾನ ಇರುತ್ತದೆ. ಕೈ ಉಜ್ಜಿದ ಮೇಲೆ ಪೋರ್ಟನ್ನು ಶೇ. 70ರ ಆಲ್ಕೋಹಾಲ್ ಸ್ವ್ಯಾಬ್‌ನಿಂದ ಸುಮಾರು 15 ಸೆಕೆಂಡು ತಿರುಚಿ ತಿಕ್ಕಿ, ಒಣಗಲು ಬಿಟ್ಟು, ಆಮೇಲೆ ಸಿರಿಂಜ್ ಕೂರಿಸಬೇಕು. ಒಣಗದೆ ಕೂರಿಸಿದರೆ ಆಲ್ಕೋಹಾಲ್ ತನ್ನ ಕೆಲಸ ಮುಗಿಸಿರುವುದಿಲ್ಲ.

ಔಷಧ ಕೊಟ್ಟಾಯಿತು, ರಕ್ತ ಸೋರಲಿಲ್ಲ, ಡ್ರಿಪ್ಸ್ ಮತ್ತೆ ಶುರುವಾಯಿತು. ಹೊರಡುವಾಗ ಮತ್ತೊಂದು ಸಲ ಉಜ್ಜಬೇಕು. ಅಷ್ಟರಲ್ಲಿ ಪಕ್ಕದ ಬೆಡ್ಡಿನ ಇನ್‌ಫ್ಯೂಷನ್ ಪಂಪ್ ಕೂಗುತ್ತದೆ. ಹೋಗಿ ಬಟನ್ ಒತ್ತಿ ಬರುತ್ತಾರೆ, ರೋಗಿಯನ್ನು ಮುಟ್ಟಲೇ ಇಲ್ಲ. ಐದನೇ ಸಂದರ್ಭ ಇರುವುದು ಇದಕ್ಕಾಗಿಯೇ. ಅಸಿನೆಟೊಬ್ಯಾಕ್ಟರ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಒಣ ಮೇಲ್ಮೈಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಮಂಚ, ಲಾಕರ್, ಡ್ರಿಪ್ಸ್ ಸ್ಟ್ಯಾಂಡ್, ಮಾನಿಟರ್, ಪಂಪ್ ಎಲ್ಲವೂ ಆ ರೋಗಿಯ ವಲಯವೇ; ಆ ರೋಗಿಯ ಸೂಕ್ಷ್ಮಾಣುಗಳು ಅಲ್ಲೆಲ್ಲ ಇರುತ್ತವೆ ಎಂದೇ ತಿಳಿಯಬೇಕು. ಎರಡು ಮಂಚದ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗವಿರುವ ಜನರಲ್ ವಾರ್ಡ್‌ಗಳಲ್ಲಿ ಈ ವಲಯದ ಗೆರೆ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮನಸ್ಸಿನಲ್ಲೇ ಎಳೆದುಕೊಳ್ಳಬೇಕು. ಕೇಸ್ ಶೀಟ್, ಪೆನ್ನು, ಮೊಬೈಲ್, ಕಂಪ್ಯೂಟರ್ ಕೀಬೋರ್ಡ್ ಈ ಗೆರೆಯ ಆಚೆಗೆ ಸೇರಿದವು. ರೋಗಿಯನ್ನು ಮುಟ್ಟಿದ ಕೈಯಲ್ಲಿ ಫೋನ್ ಎತ್ತಿದರೆ ಗೆರೆ ದಾಟಿದಂತೆ.

ಲೆಕ್ಕ ಹಾಕಿದರೆ ಒಂದು ಇಂಜೆಕ್ಷನ್‌ಗೆ, ಮಧ್ಯೆ ಬಂದ ಪಂಪ್ ಸೇರಿ, ಬೆಡ್ ಹತ್ತಿರವೇ ನಾಲ್ಕು ಸಲ. ಆಲ್ಕೋಹಾಲ್ ಹ್ಯಾಂಡ್ ರಬ್ (ಸ್ಯಾನಿಟೈಸರ್) ಆದರೆ ಪ್ರತಿ ಸಲ 20ರಿಂದ 30 ಸೆಕೆಂಡು. ಸೋಪು ನೀರಿನಿಂದ ಪ್ರತಿಸಲವೂ ತೊಳೆಯಬೇಕೆಂದರೆ ಒಂದೊಂದಕ್ಕೂ 40ರಿಂದ 60 ಸೆಕೆಂಡು, ಜೊತೆಗೆ ಬೇಸಿನ್‌ವರೆಗೆ ಹೋಗಿ ಬರುವ ಹೊತ್ತು. ಹತ್ತಾರು ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ಸಿಸ್ಟರ್‌ಗೆ ಅದು ಸಾಧ್ಯವಿಲ್ಲದ ಮಾತು, ಮತ್ತು ಸಾಧ್ಯವಿಲ್ಲದ್ದನ್ನು ನಿಯಮ ಮಾಡಿ ಆಮೇಲೆ ಸಿಬ್ಬಂದಿಯನ್ನು ಬೈಯುವುದು ಅನ್ಯಾಯ. ಆದ್ದರಿಂದಲೇ ಆಲ್ಕೋಹಾಲ್ ಹ್ಯಾಂಡ್ ರಬ್ ಬಾಟಲಿ ಬೆಡ್ ಹತ್ತಿರ, ಕೈ ಚಾಚಿದರೆ ಸಿಗುವಂತಿರಬೇಕು. ವೈದ್ಯ ಡಿಡಿಯರ್ ಪಿಟೆಟ್ ಮತ್ತು ಸಂಗಡಿಗರು ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 1994ರಿಂದ 1997ರವರೆಗೆ ನಡೆಸಿದ ಕೆಲಸದ ತಿರುಳು ಇದೇ. ಬೆಡ್ ಬಳಿ ಹ್ಯಾಂಡ್ ರಬ್ ಇಟ್ಟು, ಎಣಿಸಿ, ಫಲಿತಾಂಶವನ್ನು ಸಿಬ್ಬಂದಿಗೇ ತೋರಿಸುತ್ತ ಹೋದಾಗ ಕೈ ಶುಚಿಯ ಪ್ರಮಾಣ ಶೇ. 48ರಿಂದ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಸೋಂಕಿದ್ದ ರೋಗಿಗಳ ಪ್ರಮಾಣ ಶೇ. 16.9ರಿಂದ 9.9ಕ್ಕೆ ಇಳಿಯಿತು. ಇದು 2000ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರ್ಡಿನ ಬಾಗಿಲಲ್ಲಿ ಒಂದು, ಸ್ಟೇಷನ್‌ನಲ್ಲಿ ಒಂದು ಬಾಟಲಿ ಇಟ್ಟು 'ನಮ್ಮಲ್ಲಿ ಸ್ಯಾನಿಟೈಸರ್ ಇದೆ' ಎನ್ನುವುದರಿಂದ ಪೋರ್ಟ್ ಮುಟ್ಟುವ ಮುಂಚಿನ ಆ ಸಂದರ್ಭಕ್ಕೆ ಏನೂ ಪ್ರಯೋಜನವಿಲ್ಲ. ಬಾಟಲಿ ಕಳವಾಗುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಮಂಚದ ಕಾಲ್ದೆಸೆಗೆ ಬಿಗಿಯುವ ತಂತಿಯ ಹೋಲ್ಡರ್ ಸಿಗುತ್ತದೆ. ಜೇಬಿಗೆ ಹಾಕಿಕೊಳ್ಳುವ 100 ಮಿ.ಲೀ. ಬಾಟಲಿಯನ್ನೂ ಕೊಡಬಹುದು. ಮಕ್ಕಳ ವಾರ್ಡ್, ಮಾನಸಿಕ ಆರೋಗ್ಯದ ವಾರ್ಡ್‌ಗಳಲ್ಲಿ ಯಾರಾದರೂ ಕುಡಿದುಬಿಡುವ ಅಪಾಯವಿರುವುದರಿಂದ ಅಲ್ಲಿ ಜೇಬಿನ ಬಾಟಲಿಯೇ ಸರಿ.

ಸೋಪು ಯಾವಾಗ, ಹ್ಯಾಂಡ್ ರಬ್ ಯಾವಾಗ

ಕೈಗೆ ಕಣ್ಣಿಗೆ ಕಾಣುವ ಕೊಳೆ, ರಕ್ತ, ಮಲ ಇದ್ದರೆ ಸೋಪು ಮತ್ತು ನೀರು. ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು ಮತ್ತು ನೀರು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಇರುವ ಅಥವಾ ಇರಬಹುದೆಂಬ ಅನುಮಾನವಿರುವ ರೋಗಿಯಾದರೆ ಸೋಪು ಮತ್ತು ನೀರೇ, ಏಕೆಂದರೆ ಅದರ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ತಿಕ್ಕಿ ತೊಳೆದು ನೀರಿನಲ್ಲಿ ಹರಿಸಿಬಿಡುವುದೊಂದೇ ದಾರಿ. ನೊರೊವೈರಸ್ ವಾಂತಿಭೇದಿ ಹಬ್ಬಿದಾಗಲೂ ಸೋಪೇ ಮೇಲು. ಉಳಿದ ಎಲ್ಲ ಹೊತ್ತಿನಲ್ಲಿ ಹ್ಯಾಂಡ್ ರಬ್. ಅದು 'ನೀರಿಲ್ಲದಾಗ ಬಳಸುವ ಬದಲಿ' ಅಲ್ಲ. ಬೇಗ ಕೊಲ್ಲುತ್ತದೆ, ಹೆಚ್ಚು ಕೊಲ್ಲುತ್ತದೆ, ಚರ್ಮಕ್ಕೂ ಹಗುರ.

ಸೋಪಿನಿಂದ ತೊಳೆದ ಕೂಡಲೇ ಮೇಲೊಂದು ಸಲ ಸ್ಯಾನಿಟೈಸರ್ ಹಾಕುವುದು ಡಬಲ್ ರಕ್ಷಣೆ ಎಂದು ಹಲವರು ತಿಳಿದಿದ್ದಾರೆ. ಒದ್ದೆ ಕೈಯಲ್ಲಿ ಆಲ್ಕೋಹಾಲ್ ತೆಳುವಾಗುತ್ತದೆ, ಸೋಪಿನ ಅಂಶ ಉಳಿದಿದ್ದರೆ ಚರ್ಮ ಉರಿಯುತ್ತದೆ, ದಿನಕ್ಕೆ ಹತ್ತಾರು ಸಲ ಹೀಗೆ ಮಾಡಿದವರ ಕೈ ಬಿರಿಯುತ್ತದೆ. ಎರಡರಲ್ಲಿ ಒಂದು ಸಾಕು.

ಪ್ರಮಾಣದ ವಿಷಯದಲ್ಲಿ ಬಹಳ ಜಿಪುಣತನ ನಡೆಯುತ್ತದೆ. ಬೊಗಸೆ ಮಾಡಿದ ಅಂಗೈಯ ಗುಣಿ ತುಂಬಬೇಕು. ಸಾಧಾರಣ ಕೈಗೆ 3 ಮಿ.ಲೀ. ಆಸುಪಾಸು. ಬಾಟಲಿಯ ಪಂಪ್ ಒಂದು ಸಲ ಒತ್ತಿದರೆ ಎಷ್ಟು ಬರುತ್ತದೆ ಎಂಬುದು ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆ. ಹತ್ತು ಸಲ ಒತ್ತಿ ಅಳತೆಯ ಸಿಲಿಂಡರಿನಲ್ಲಿ ಹಿಡಿದು ಹತ್ತರಿಂದ ಭಾಗಿಸಿ ನೋಡಿ, ನಿಮ್ಮ ವಾರ್ಡಿಗೆ ಒಂದು ಒತ್ತು ಬೇಕೋ ಮೂರು ಬೇಕೋ ಗೊತ್ತಾಗುತ್ತದೆ. ಅದನ್ನು ಬಾಟಲಿಯ ಮೇಲೆಯೇ ಬರೆದಿಡಿ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ: ಉಜ್ಜಲು ಶುರು ಮಾಡಿ 10-15 ಸೆಕೆಂಡಿಗೇ ಕೈ ಒಣಗಿಬಿಟ್ಟರೆ ಹಾಕಿಕೊಂಡದ್ದು ಕಡಿಮೆಯಾಯಿತು ಎಂದರ್ಥ. ಉಳಿದಂತೆ ಗಾಳಿಯಲ್ಲಿ ಕೈ ಬೀಸಿ ಒಣಗಿಸುವುದು, ಏಪ್ರನ್‌ಗೆ ಒರೆಸಿಕೊಳ್ಳುವುದು ಎರಡೂ ಬೇಡ. ಪೂರ್ತಿ ಒಣಗುವವರೆಗೆ ಉಜ್ಜುತ್ತಲೇ ಇರಬೇಕು.

ತಪ್ಪಿಹೋಗುವ ಜಾಗಗಳು ಯಾವುವು ಎಂಬುದನ್ನು ಹೊಳೆಯುವ ಫ್ಲೋರೆಸೆಂಟ್ ಜೆಲ್ ಹಚ್ಚಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ಕಣ್ಣಾರೆ ಕಾಣಬಹುದು: ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ, ಕೈಯ ಹಿಂಭಾಗ. ಅಂಗೈ ಯಾವಾಗಲೂ ಥಳಥಳಿಸುತ್ತದೆ. ಪೋರ್ಟ್ ಹಿಡಿಯುವುದು, ಹತ್ತಿ ಎತ್ತುವುದು, ಸೂಜಿಯ ಮುಚ್ಚಳ ತೆಗೆಯುವುದು ಹೆಬ್ಬೆರಳು ಮತ್ತು ಬೆರಳ ತುದಿಗಳು, ಅಂಗೈ ಅಲ್ಲ. ಅವಸರವಿದ್ದಾಗ ಮೊದಲು ಬೆರಳ ತುದಿಗಳನ್ನು ಅಂಗೈಯ ದ್ರವದಲ್ಲಿ ಅದ್ದಿ ತಿರುಗಿಸಿ, ಆಮೇಲೆ ಎರಡೂ ಹೆಬ್ಬೆರಳು, ಕೊನೆಗೆ ಉಳಿದದ್ದು ಎಂದು ಕ್ರಮ ಬದಲಿಸಿಕೊಂಡರೂ ನಷ್ಟವಿಲ್ಲ. ಎಲ್ಲ ಭಾಗವೂ ಒದ್ದೆಯಾಗಬೇಕು, ಅಷ್ಟೇ.

ಉಗುರು ಅರ್ಧ ಸೆಂಟಿಮೀಟರ್ ಮೀರಬಾರದು. ಅಂಟಿಸಿಕೊಳ್ಳುವ ಕೃತಕ ಉಗುರು ರೋಗಿಗಳನ್ನು ಮುಟ್ಟುವ ಯಾರಿಗೂ ಸಲ್ಲದು. ನವಜಾತ ಶಿಶುಗಳ ಐಸಿಯುಗಳಲ್ಲಿ ಸೂಡೊಮೊನಾಸ್ ಹಬ್ಬಿದ ಪ್ರಕರಣಗಳಿಗೆ ಇಂಥ ಉಗುರುಗಳ ನಂಟಿದ್ದುದು ದಾಖಲಾಗಿದೆ. ಉಂಗುರದ ಕೆಳಗಿನ ಚರ್ಮದಲ್ಲಿ ಸೂಕ್ಷ್ಮಾಣುಗಳು ಹೆಚ್ಚು. ವಾಚು ತೆಗೆಯಿರಿ ಎಂದರೆ ಒಪ್ಪುವವರೂ ಬಳೆ, ಕೈಗೆ ಕಟ್ಟಿದ ದೇವಸ್ಥಾನದ ದಾರದ ವಿಷಯ ಬಂದಾಗ ಹಿಂಜರಿಯುತ್ತಾರೆ. ದಾರ ಒದ್ದೆಯಾಗುತ್ತದೆ, ಒಣಗುವುದಿಲ್ಲ, ಪ್ರತಿ ಡ್ರೆಸಿಂಗ್‌ಗೂ ತಗಲುತ್ತದೆ. ಡ್ಯೂಟಿಗೆ ಬರುವಾಗ ದಾರವನ್ನು ತೋಳಿನ ಮೇಲ್ಭಾಗಕ್ಕೆ ಕಟ್ಟಿಕೊಳ್ಳಿ, ಬಳೆಯನ್ನು ಲಾಕರ್‌ನಲ್ಲಿ ಇಡಿ ಎಂದು ಗೌರವದಿಂದ ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ಅದೇ ನಿಯಮ ಕನ್ಸಲ್ಟಂಟ್‌ಗಳ ಉಂಗುರ, ವಾಚು, ಉದ್ದ ತೋಳಿನ ಅಂಗಿಗೂ ಇರಬೇಕು. ಆಯಾಗಳಿಗೆ ಮಾತ್ರ ಹೇಳಿ ದೊಡ್ಡ ಡಾಕ್ಟರನ್ನು ಬಿಟ್ಟರೆ ಆ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ಗ್ಲೌಸ್ ಬಗ್ಗೆ ಎರಡೇ ಮಾತು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ತೆಗೆಯುವಾಗ ಹೊರಗಿನ ಕೊಳೆ ಕೈಗೆ ತಗಲುತ್ತದೆ, ಹಾಗಾಗಿ ಹಾಕುವ ಮುಂಚೆಯೂ ತೆಗೆದ ನಂತರವೂ ಕೈ ಉಜ್ಜಬೇಕು. ಒಂದೇ ಜೊತೆ ಗ್ಲೌಸ್‌ನಲ್ಲಿ ಮೂರು ರೋಗಿಗಳ ರಕ್ತ ತೆಗೆಯುವುದು, ಗ್ಲೌಸ್ ಮೇಲೆಯೇ ಸ್ಯಾನಿಟೈಸರ್ ಹಾಕಿ ಮುಂದಿನವರ ಬಳಿ ಹೋಗುವುದು ಬರಿಗೈಗಿಂತ ಅಪಾಯ, ಏಕೆಂದರೆ ಹಾಕಿಕೊಂಡವರಿಗೆ ಸುರಕ್ಷಿತವಾಗಿದ್ದೇವೆ ಎನಿಸುತ್ತದೆ, ರೋಗಿಗೆ ಸುರಕ್ಷತೆ ಇರುವುದಿಲ್ಲ.

ಬಾಟಲಿಯ ಒಳಗೇನಿದೆ

ಲೇಬಲ್ ಓದದೆ ಕೊಳ್ಳಬೇಡಿ. ಎಥನಾಲ್ ಆದರೆ ಶೇ. 80, ಐಸೊಪ್ರೊಪೈಲ್ ಆಲ್ಕೋಹಾಲ್ ಆದರೆ ಶೇ. 75, ಇವು ವಿಶ್ವ ಆರೋಗ್ಯ ಸಂಸ್ಥೆಯ ಎರಡು ಸೂತ್ರಗಳು. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಶೇ. 99ರ ಸ್ಪಿರಿಟ್ ತಂದು ತುಂಬಿಸುವುದು ತಪ್ಪು. ಸೂಕ್ಷ್ಮಾಣುವಿನ ಪ್ರೋಟೀನ್ ಕೆಡಲು ನೀರಿನ ಅಂಶ ಬೇಕು. ನೀರೇ ಇಲ್ಲದ ಆಲ್ಕೋಹಾಲ್ ಅಷ್ಟು ಚೆನ್ನಾಗಿ ಕೊಲ್ಲುವುದಿಲ್ಲ, ಬೇಗ ಹಾರಿಯೂ ಹೋಗುತ್ತದೆ. 'ಆಲ್ಕೋಹಾಲ್ ರಹಿತ' ಎಂದು ಬರೆದ ಸ್ಯಾನಿಟೈಸರ್ ವಾರ್ಡಿಗೆ ಬೇಡ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇಲ್ಲದ ಕ್ಯಾನ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಮೆಥನಾಲ್ ಬೆರೆಸಿದ್ದರೆ ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸುವುದಾದರೆ 10 ಲೀಟರಿಗೆ ಅಳತೆ ಹೀಗೆ: ಶೇ. 96ರ ಎಥನಾಲ್ 8333 ಮಿ.ಲೀ., ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಶೇ. 98ರ ಗ್ಲಿಸರಿನ್ 145 ಮಿ.ಲೀ.; ಉಳಿದದ್ದು ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು, ಒಟ್ಟು 10 ಲೀಟರ್ ಆಗುವಷ್ಟು. ಐಸೊಪ್ರೊಪೈಲ್ ಬಳಸಿದರೆ ಶೇ. 99.8ರದ್ದು 7515 ಮಿ.ಲೀ., ಉಳಿದ ಎರಡರ ಅಳತೆ ಅದೇ. ಎಥನಾಲ್‌ಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕಾಗುವುದರಿಂದ ಐಸೊಪ್ರೊಪೈಲ್ ಸುಲಭ. ಗ್ಲಿಸರಿನ್ ಅಂಟುವುದರಿಂದ ಅಳತೆಯ ಪಾತ್ರೆಯನ್ನು ಸ್ವಲ್ಪ ನೀರಿನಲ್ಲಿ ಗಲಬರಿಸಿ ಅದನ್ನೂ ಸೇರಿಸಬೇಕು, ಇಲ್ಲವಾದರೆ ಅರ್ಧ ಪಾತ್ರೆಯಲ್ಲೇ ಉಳಿದಿರುತ್ತದೆ. ಕದಡಿ, ಆವಿಯಾಗದಂತೆ ಕೂಡಲೇ ಮುಚ್ಚಿ, ಬಾಟಲಿಗೆ ತುಂಬಿ 72 ಗಂಟೆ ಪಕ್ಕಕ್ಕಿಡಬೇಕು. ಪೆರಾಕ್ಸೈಡ್ ಇರುವುದು ಕೈಗಾಗಿ ಅಲ್ಲ. ದ್ರವದಲ್ಲಿ, ಬಾಟಲಿಯಲ್ಲಿ ಉಳಿದಿರಬಹುದಾದ ಬೀಜಕಣಗಳನ್ನು ಕೊಲ್ಲಲು, ಅದಕ್ಕೆ ಈ ಮೂರು ದಿನ ಬೇಕು. ಹಬ್ಬದ ರಜೆ ಬಂತೆಂದು ಅದೇ ದಿನ ವಾರ್ಡಿಗೆ ಕಳಿಸಿದರೆ ಪೆರಾಕ್ಸೈಡ್ ಹಾಕಿದ್ದೇ ವ್ಯರ್ಥ. ಆಲ್ಕೋಹಾಲ್‌ಮೀಟರ್‌ನಲ್ಲಿ ನೋಡಿದಾಗ ಗುರಿಗಿಂತ ಶೇ. 5ರಷ್ಟು ಹೆಚ್ಚು ಕಡಿಮೆಯ ಒಳಗಿರಬೇಕು, ಅಂದರೆ ಎಥನಾಲ್ 75ರಿಂದ 85. ವಿಶೇಷ ಗಾಳಿ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ 50 ಲೀಟರ್ ಮೀರಿ ತಯಾರಿಸಬಾರದು.

ಕಾರಣ ಬೆಂಕಿ. ಈ ದ್ರವಗಳ ಆವಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆ ಎಥನಾಲ್ ಸೂತ್ರಕ್ಕೆ 17.5 ಡಿಗ್ರಿ, ಐಸೊಪ್ರೊಪೈಲ್ ಸೂತ್ರಕ್ಕೆ 19 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಲ್ಲಿ ಚಳಿಗಾಲದ ರಾತ್ರಿಗಳನ್ನು ಬಿಟ್ಟರೆ ಕೋಣೆಯ ಬಿಸಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಆಯುಧಪೂಜೆಯ ದಿನ ಆಪರೇಷನ್ ಥಿಯೇಟರ್, ಲ್ಯಾಬ್, ಆಂಬುಲೆನ್ಸ್ ಎಲ್ಲಕ್ಕೂ ಪೂಜೆ ಆಗುತ್ತದೆ, ದೀಪ ಹಚ್ಚುತ್ತಾರೆ, ಕರ್ಪೂರ ಬೆಳಗುತ್ತಾರೆ. ಅದಕ್ಕೆ ಮುಂಚೆ ಹ್ಯಾಂಡ್ ರಬ್ ಬಾಟಲಿಗಳನ್ನು ಆ ಕೋಣೆಯಿಂದ ಹೊರಗಿಡಿ, ಮತ್ತು ಆಗಷ್ಟೇ ಉಜ್ಜಿಕೊಂಡ ಒದ್ದೆ ಕೈಯಲ್ಲಿ ಕಡ್ಡಿ ಗೀರಬೇಡಿ. ಥಿಯೇಟರ್‌ನಲ್ಲಿ ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗಲೂ ಇದೇ ಎಚ್ಚರ.

ಬಾಟಲಿ ಅರ್ಧ ಖಾಲಿಯಾದಾಗ ಮೇಲಿಂದ ಸುರಿದು ತುಂಬಿಸುವ ಅಭ್ಯಾಸ ಹ್ಯಾಂಡ್ ರಬ್‌ಗೂ ಬೇಡ, ಸೋಪಿನ ದ್ರಾವಣಕ್ಕಂತೂ ಬೇಡವೇ ಬೇಡ. ಲಿಕ್ವಿಡ್ ಸೋಪಿನ ಡಿಸ್ಪೆನ್ಸರ್‌ನ ತಳದಲ್ಲಿ ಸೆರಾಷಿಯಾ, ಸೂಡೊಮೊನಾಸ್ ಬೆಳೆದು, ತೊಳೆದ ಕೈಯೇ ಸೋಂಕು ಹೊತ್ತುಕೊಂಡು ಹೋಗುತ್ತದೆ. ಖಾಲಿಯಾಗಲು ಬಿಡಿ, ತೊಳೆಯಿರಿ, ಪೂರ್ತಿ ಒಣಗಿಸಿ, ಆಮೇಲೆ ತುಂಬಿಸಿ ದಿನಾಂಕ ಬರೆಯಿರಿ. ಸೋಪಿನ ಬಿಲ್ಲೆ ಇಡುವುದಾದರೆ ಸಣ್ಣದಾಗಿ ಕತ್ತರಿಸಿ, ನೀರು ಬಸಿಯುವ ಜಾಲರಿಯ ಮೇಲೆ ಇಡಿ.

ಬೇಸಿನ್ ಮತ್ತು ಬೆಂಗಳೂರಿನ ನೀರು

ಬೆಂಗಳೂರಿನ ಅನೇಕ ಆಸ್ಪತ್ರೆಗಳಲ್ಲಿ ಒಂದೇ ಓವರ್‌ಹೆಡ್ ಟ್ಯಾಂಕಿಗೆ ಕಾವೇರಿ ನೀರು, ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಮೂರೂ ಸೇರುತ್ತವೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಿಲ್ಲೆ ಸೋಪು ನೊರೆ ಬರುವ ಬದಲು ಬಿಳಿ ಕೆನೆಯಂತೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ತೊಳೆದು ತೆಗೆಯಲು ಹೊತ್ತು ಬೇಕು, ಕೈ ಒಣಗಿ ಒರಟಾಗುತ್ತದೆ. ಅಂಥ ಕಡೆ ಲಿಕ್ವಿಡ್ ಹ್ಯಾಂಡ್‌ವಾಷ್ ವಾಸಿ. ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಇದೆ ಎಂದು ನಂಬಿ ಕೂರಬಾರದು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು; ಅದನ್ನು ಅಳೆಯುವ ಕ್ಲೋರೋಸ್ಕೋಪ್‌ನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಟ್ಯಾಂಕ್ ಹತ್ತಿರದ ನಲ್ಲಿಯಲ್ಲಿ ನೋಡಿ ಸುಮ್ಮನಾಗದೆ ಅತಿ ದೂರದ ವಾರ್ಡಿನ ನಲ್ಲಿಯಲ್ಲೂ ನೋಡಬೇಕು.

2024ರ ಬೇಸಿಗೆಯ ನೀರಿನ ಅಭಾವದಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಕಡ್ಡಾಯ ಮಾಡಿತು. ನೀರು ಉಳಿಸಲು ಅದು ಒಳ್ಳೆಯದೇ. ಆದರೆ ಏರೇಟರ್‌ನ ಸಣ್ಣ ಜಾಲರಿಯಲ್ಲಿ ಸುಣ್ಣದ ಪೊರೆ ಕಟ್ಟಿ ಅದರ ಮೇಲೆ ಬ್ಯಾಕ್ಟೀರಿಯಾ ಪದರ ಬೆಳೆಯುತ್ತದೆ. ಐಸಿಯು, ಡಯಾಲಿಸಿಸ್, ಶಿಶುಗಳ ಘಟಕ, ಕೀಮೋಥೆರಪಿ ವಾರ್ಡ್‌ಗಳಲ್ಲಿ ಅದನ್ನು ಬಿಟ್ಟು ಬೇರೆ ರೀತಿಯಲ್ಲಿ ಹರಿವು ತಗ್ಗಿಸುವುದು ಸರಿಯೆಂದು ನಮ್ಮ ಅಭಿಪ್ರಾಯ. ಉಳಿದ ಕಡೆ ಕಾಲಕಾಲಕ್ಕೆ ಬಿಚ್ಚಿ ತೊಳೆಯುವ ಕೆಲಸವನ್ನು ಯಾರಾದರೊಬ್ಬರ ಹೆಸರಿಗೆ ಬರೆದಿಡಬೇಕು.

ಕೈ ತೊಳೆಯುವ ಬೇಸಿನ್‌ಗೆ ಕೈ ತೊಳೆಯುವ ಕೆಲಸ ಒಂದೇ ಇರಬೇಕು. ಉಳಿದ ಡ್ರಿಪ್ಸ್, ಹಾಲು, ಗಂಜಿ, ಕಫ, ನೆಲ ಒರೆಸಿದ ನೀರು ಎಲ್ಲ ಅಲ್ಲಿಗೇ ಸುರಿದರೆ ಪೈಪಿನೊಳಗಿನ ಬ್ಯಾಕ್ಟೀರಿಯಾಗೆ ಊಟ ಬಡಿಸಿದಂತೆ. ಆ ಪದರದಲ್ಲಿ ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ, ಸೂಡೊಮೊನಾಸ್ ನೆಲೆಸುತ್ತವೆ. ನಲ್ಲಿಯ ನೀರು ನೇರ ಡ್ರೇನ್ ತೂತಿನ ಮೇಲೆ ಬೀಳುವಂತಿದ್ದರೆ ಹನಿಗಳು ಸುಮಾರು ಒಂದು ಮೀಟರ್‌ವರೆಗೆ ಚಿಮ್ಮುತ್ತವೆ. ಬೇಸಿನ್ ಪಕ್ಕದ ಕಟ್ಟೆಯ ಮೇಲೆ ಔಷಧ ಬೆರೆಸುವುದು, ಸಿರಿಂಜ್ ಟ್ರೇ ಇಡುವುದು ಈ ಕಾರಣಕ್ಕೇ ಕೂಡದು.

ನೀರು ಪೂರ್ತಿ ನಿಂತ ದಿನ? ನಲ್ಲಿ ಇರುವ, ಮುಚ್ಚಳವಿರುವ ಡ್ರಮ್ ಇಟ್ಟು ಕೆಳಗೊಂದು ಬಕೆಟ್ ಇಡಿ. ಹರಿಯುವ ನೀರು ಸಿಕ್ಕಂತಾಯಿತು. ಆಂಟಿಸೆಪ್ಟಿಕ್ ಬೆರೆಸಿದ ನೀರಿನ ಬಟ್ಟಲಿಗೆ ರೌಂಡ್ಸ್‌ಗೆ ಬಂದ ಪ್ರತಿಯೊಬ್ಬರೂ ಕೈ ಅದ್ದಿ, ಪಕ್ಕದ ಒಂದೇ ಟವೆಲ್‌ಗೆ ಒರೆಸಿಕೊಳ್ಳುವ ಹಳೆಯ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಇವತ್ತೇ ತೆಗೆದುಬಿಡಿ. ತೆಳು ಆಂಟಿಸೆಪ್ಟಿಕ್‌ನಲ್ಲಿ ಸೂಡೊಮೊನಾಸ್ ಆರಾಮವಾಗಿ ಬದುಕುತ್ತದೆ, ಟವೆಲ್ ಅದನ್ನು ಎಲ್ಲರಿಗೂ ಹಂಚುತ್ತದೆ. ಒಬ್ಬರು ಒಂದು ಸಲ ಬಳಸಿ ಹಾಕುವ ಪೇಪರ್ ಟವೆಲ್ ದುಬಾರಿಯೆನಿಸಿದರೆ ಕರ್ಚೀಫಿನಷ್ಟು ಚಿಕ್ಕ ಬಟ್ಟೆ ತುಂಡುಗಳನ್ನು ಒಗೆದು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸೋಂಕು ಕಳೆದು) ಇಡಬಹುದು. ಮೊಣಕೈ ನಲ್ಲಿ ಇಲ್ಲದಿದ್ದರೆ ಅದೇ ಬಟ್ಟೆಯಿಂದ ಹಿಡಿದು ನಲ್ಲಿ ನಿಲ್ಲಿಸಿ. ಕೊಳೆ ಕೈಯಲ್ಲಿ ತಿರುಗಿಸಿದ ನಲ್ಲಿಯನ್ನು ತೊಳೆದ ಕೈಯಲ್ಲಿ ಮತ್ತೆ ಮುಟ್ಟಬಾರದು.

ಅಟೆಂಡರ್‌ಗಳ ಕೈ

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯನ್ನು ಅತಿ ಹೆಚ್ಚು ಮುಟ್ಟುವವರು ಮನೆಯವರು. ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಎಷ್ಟೋ ಕಡೆ ಯೂರಿನ್ ಬ್ಯಾಗ್ ಖಾಲಿ ಮಾಡುವುದೂ ಅವರೇ. ಐದು ಸಂದರ್ಭಗಳ ತರಬೇತಿ ಅವರಿಗೆ ಯಾರೂ ಕೊಟ್ಟಿರುವುದಿಲ್ಲ. ಅಡ್ಮಿಷನ್ ದಿನವೇ ಸಿಸ್ಟರ್ ಐದು ನಿಮಿಷ ಕೂತು ಹೇಳಿಕೊಟ್ಟರೆ ಆಗುವ ಲಾಭ ದೊಡ್ಡದು. ಯೂರಿನ್ ಬ್ಯಾಗ್ ಮುಕ್ಕಾಲು ತುಂಬುವ ಮುಂಚೆ ಖಾಲಿ ಮಾಡಬೇಕು. ಮುಂಚೆಯೂ ನಂತರವೂ ಕೈ ಶುಚಿ ಮಾಡಿಕೊಳ್ಳಬೇಕು. ಒಬ್ಬ ರೋಗಿಯ ಮೂತ್ರ ಹಿಡಿಯುವ ಜಗ್ ಇನ್ನೊಬ್ಬರಿಗೆ ಬಳಸಬಾರದು. ಕೆಳಗಿನ ನಳಿಕೆ ಜಗ್‌ಗೆ ತಾಗಬಾರದು. ಬ್ಯಾಗ್ ನೆಲಕ್ಕೆ ತಾಗದಂತೆ, ಆದರೆ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ತೂಗಬೇಕು. ಪಕ್ಕದ ಬೆಡ್ಡಿನ ಅಜ್ಜಿಗೆ ನೀರು ಕುಡಿಸಲು ಹೋಗುವ ಒಳ್ಳೆಯ ಮನಸ್ಸು ನಮ್ಮ ವಾರ್ಡ್‌ಗಳಲ್ಲಿ ತುಂಬ ಇದೆ, ಅದನ್ನು ತಡೆಯಬೇಕಿಲ್ಲ. ಹೋಗುವ ಮುಂಚೆ ಬಂದ ಮೇಲೆ ಹ್ಯಾಂಡ್ ರಬ್ ಹಾಕಿಕೊಳ್ಳಲು ಹೇಳಿದರೆ ಸಾಕು. ದೇವಸ್ಥಾನದಿಂದ ತಂದ ವಿಭೂತಿ, ಕುಂಕುಮ ಹಣೆಗೆ ಹಚ್ಚಲಿ. ಕತ್ತಿನಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದರೆ ಅದರ ಹತ್ತಿರ ಬೇಡ.

ಸಿಬ್ಬಂದಿ ಕೈ ಉಜ್ಜದೆ ಮುಟ್ಟಲು ಬಂದರೆ ಮನೆಯವರು ಕೇಳಬಹುದು, ಕೇಳಬೇಕು. 'ಸಿಸ್ಟರ್, ಮುಟ್ಟೋ ಮುಂಚೆ ಸ್ವಲ್ಪ ಸ್ಯಾನಿಟೈಸರ್ ಹಾಕ್ಕೊಳ್ತೀರಾ?' ಎಂದರೆ ಅಗೌರವವೇನಲ್ಲ. ಕೇಳಿದವರ ಮೇಲೆ ರೇಗುವ ಡಾಕ್ಟರಿಗೆ ಆಸ್ಪತ್ರೆಯವರೇ ತಿಳಿಹೇಳಬೇಕು. ಶಿಶುಗಳ ಐಸಿಯುನಲ್ಲಿ ತಾಯಂದಿರೂ ಸೇರಿ ಒಳಗೆ ಬರುವ ಎಲ್ಲರೂ ಮೊದಲ ಸಲ ಮೊಣಕೈವರೆಗೆ 2 ನಿಮಿಷ ತೊಳೆದು ಬರಬೇಕು, ಆಮೇಲೆ ಪ್ರತಿ ಸ್ಪರ್ಶಕ್ಕೂ ಹ್ಯಾಂಡ್ ರಬ್.

ಎಣಿಸುವುದು ಹೇಗೆ

ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಎರಡು ದಾರಿ. ಒಂದು, ತರಬೇತಿ ಪಡೆದವರು ವಾರ್ಡಿನಲ್ಲಿ ಸುಮಾರು 20 ನಿಮಿಷ ನಿಂತು, ಕೈ ಉಜ್ಜಬೇಕಾಗಿದ್ದ ಸಂದರ್ಭ ಎಷ್ಟು, ಉಜ್ಜಿದ್ದು ಎಷ್ಟು ಎಂದು ಗುರುತು ಹಾಕುವುದು. ನೋಡುತ್ತಿದ್ದಾರೆ ಎಂದು ಗೊತ್ತಾದರೆ ಎಲ್ಲರೂ ಉಜ್ಜುತ್ತಾರೆ, ಹಾಗಾಗಿ ಈ ಅಂಕ ಯಾವಾಗಲೂ ನಿಜಕ್ಕಿಂತ ಸ್ವಲ್ಪ ಮೇಲಿರುತ್ತದೆ. ಒಟ್ಟು ಶೇಕಡವನ್ನಷ್ಟೇ ಬರೆಯದೆ ಐದು ಸಂದರ್ಭಗಳನ್ನೂ ಬೇರೆ ಬೇರೆ ಬರೆಯಬೇಕು. ಒಟ್ಟು 70 ಬಂದ ವಾರ್ಡಿನಲ್ಲೂ ಎರಡನೇ ಸಂದರ್ಭ ತೀರಾ ಕೆಳಗಿರಬಹುದು. ಇನ್ನೊಂದು ದಾರಿ ಖರ್ಚಾದ ಹ್ಯಾಂಡ್ ರಬ್‌ನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂ ಮೌಲ್ಯಮಾಪನ ಪಟ್ಟಿ 1000 ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಕನಿಷ್ಠ 20 ಲೀಟರ್ ಎನ್ನುತ್ತದೆ. ದಿನಕ್ಕೆ ಸರಾಸರಿ 25 ಬೆಡ್ ತುಂಬಿರುವ ವಾರ್ಡಿಗೆ ತಿಂಗಳಿಗೆ 750 ರೋಗಿ-ದಿನ, ಅಂದರೆ 15 ಲೀಟರ್, 500 ಮಿ.ಲೀ.ನ 30 ಬಾಟಲಿ. ನಿಮ್ಮ ಸ್ಟೋರ್ಸ್ ಇಂಡೆಂಟ್ ತೆಗೆದು ನೋಡಿ. ಎಂಟೇ ಬಾಟಲಿ ಹೋಗಿದ್ದರೆ ಗೋಡೆಯ ಮೇಲಿನ ಶೇ. 90ರ ಚಾರ್ಟ್‌ಗೆ ಅರ್ಥವಿಲ್ಲ.

ಕೈ ಉರಿಯುತ್ತದೆ ಎಂಬ ದೂರನ್ನು ನೆಪ ಎಂದು ತಳ್ಳಿಹಾಕಬೇಡಿ. ಹ್ಯಾಂಡ್ ರಬ್ ಹಾಕಿದಾಗ ಚುರುಗುಟ್ಟಿದರೆ ಹೆಚ್ಚಾಗಿ ಚರ್ಮ ಮೊದಲೇ ಸೀಳಿದೆ ಎಂದರ್ಥ, ಸೀಳಿದ್ದು ಪದೇಪದೇ ಸೋಪು, ಬಿಸಿ ನೀರು, ಒದ್ದೆ ಕೈಗೆ ಗ್ಲೌಸ್ ಹಾಕಿದ್ದರಿಂದ. ಉರಿಯೆಂದು ಹ್ಯಾಂಡ್ ರಬ್ ಬಿಟ್ಟು ಮತ್ತೆ ಸೋಪಿಗೆ ಹೋದರೆ ಗಾಯ ಇನ್ನೂ ಹೆಚ್ಚುತ್ತದೆ. ತಣ್ಣೀರಿನಲ್ಲಿ ತೊಳೆಯಿರಿ, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಗ್ಲೌಸ್ ಹಾಕಿ, ಪೌಡರ್ ಇಲ್ಲದ ಗ್ಲೌಸ್ ತರಿಸಿ. ಡ್ಯೂಟಿ ಮುಗಿದಾಗ, ಮಲಗುವ ಮುಂಚೆ ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಅದನ್ನು ಆಸ್ಪತ್ರೆಯೇ ಕೊಡಬೇಕು, ಪ್ರತಿಯೊಬ್ಬರಿಗೂ ಬೇರೆ ಟ್ಯೂಬ್, ಎಲ್ಲರೂ ಬೆರಳಿಡುವ ಒಂದೇ ಡಬ್ಬಿ ಅಲ್ಲ. ಕೊಬ್ಬರಿ ಎಣ್ಣೆ, ವ್ಯಾಸಲೀನ್‌ನಂಥ ಎಣ್ಣೆ ಜಿಡ್ಡಿನವು ಲೇಟೆಕ್ಸ್ ಗ್ಲೌಸನ್ನು ಕೆಡಿಸುವುದರಿಂದ ಮನೆಯಲ್ಲಿ ಮಾತ್ರ ಬಳಸಿ. ಬಿರುಕಿನಿಂದ ರಕ್ತ, ಕೀವು ಬರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು, ವಾಸಿಯಾಗುವವರೆಗೆ ಅವರನ್ನು ಐಸಿಯು, ಥಿಯೇಟರ್ ಡ್ಯೂಟಿಯಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಬೇಕು, ಆ ದಿನಗಳ ಸಂಬಳ ಕಡಿತವಾಗಬಾರದು.